ಅಟ್ಲಾಂಟಿಕ್‌ನಲ್ಲಿ ಅಮಾವಾಸ್ಯೆಯ ಸ್ನಾನ

ಕಾಲೇಜಿನ ಬೇಸಿಗೆ ರಜೆಯಲ್ಲಿ ಅಮೆರಿಕದ ಈ ಕಡಲತೀರದ ಊರಿನ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದಿದ್ದೇನೆ. ಇವತ್ತು ಬೆಳಿಗ್ಗೆ ಅಮಾವಾಸ್ಯೆಯ ಸಮುದ್ರಸ್ನಾನವೆಂದು ಪಂಚೆಯುಟ್ಟು ಇಳಿದೆ. ಬಸವನಗುಡಿಯಲ್ಲಿ ಅಜ್ಜ ಕಲಿಸಿದಂತೆ ಕಣ್ಣು ಮುಚ್ಚಿ, ಮೂಗು ಹಿಡಿದು ಮುಳುಗಿದೆ. ಮೂರನೆಯ ಸಲ ಅಲೆ ಎಳೆದೊಯ್ದಿತು. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಂಡು ಒದೆಯಲೂ ಆಗಲಿಲ್ಲ. ತೀರದ ಕಾವಲಿಗಿದ್ದ ಈಜುಗಾರ ಧುಮುಕಿ ಬಂದು ನನ್ನನ್ನು ದಡಕ್ಕೆ ತಂದು ಹಾಕಿದ.

ಜೊತೆಗೆ ಕೆಲಸ ಮಾಡುವ ಚಾಮರಾಜಪೇಟೆಯ ರಾಮು ಬೈದ: “ಇದೇನು ಗುಡಿ ಕಲ್ಯಾಣಿ ಅನ್ಕೊಂಡ್ಯೇನೋ? ನಿಮ್ಮಮ್ಮಂಗೆ ನಾನೇನಂತ ಕಾಗದ ಬರೀಲಿ?”

ಮಧ್ಯಾಹ್ನ ಆ ಈಜುಗಾರ ನಮ್ಮಲ್ಲಿಗೇ ಊಟಕ್ಕೆ ಬಂದ. ಅವನುಂಡ ತಟ್ಟೆ ಒಳಗೆ ಬಂತು. ನಾನಿನ್ನೂ ಉಪ್ಪುನೀರು ಕೆಮ್ಮುತ್ತಿದ್ದುದನ್ನು ನೋಡಿ ರಾಮು, “ಕೂತ್ಕೋ, ಎಲ್ಲಾ ನಾನೇ ತೊಳೀತೀನಿ” ಎಂದ.

ಮನೆಯಲ್ಲಿ ತಮ್ಮನ ಎಂಜಲನ್ನೂ ಮುಟ್ಟದವನು ನಾನು.

“ಅವನ ತಟ್ಟೆಯೊಂದು ನಂಗೆ ಬಿಡೋ,” ಎಂದೆ.