ಒಂದೇ ಹಗ್ಗದ ಏಳು ತೊಟ್ಟಿಲು

ನಾನು ದಾವಣಗೆರೆಯಲ್ಲಿ ಎಂಜಿನಿಯರ್ ಆಗಿದ್ದೇನೆಂದು ನಮ್ಮೂರು ಆನಗೋಡಿನಲ್ಲಿ ಎಲ್ಲರೂ ನಂಬಿದ್ದರು. ನಂಬಿಸಿದ್ದು ನಾನೇ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ತಿರುಗುವ ಶಾಫ್ಟಿಗೆ ಎಣ್ಣೆ ಬಿಡುವುದು, ಜಾರಿದ ಬೆಲ್ಟನ್ನು ಮತ್ತೆ ಗಾಲಿಗೆ ಏರಿಸುವುದು, ಇಷ್ಟೇ ನನ್ನ ಎಂಜಿನಿಯರಿಕೆ. ಎಷ್ಟು ಒಗೆದರೂ ಅಂಗಿಯ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. ಹೆಣ್ಣು ಕೊಡಲು ಬಂದವರು ಗಾಳಿ ಬೀಸುವ ಕಡೆ ನೋಡಿ ಕೂರುತ್ತಿದ್ದರು. ಹೀಗಾಗಿ ಮದುವೆ ಮುಂದಕ್ಕೆ ಹೋಯಿತು, ಊಟಕ್ಕೆ ರಂಗವ್ವನ ಮನೆ ಗಟ್ಟಿಯಾಯಿತು.

ರಂಗವ್ವ ಹರಿಹರದ ಪಕ್ಕದ ಗುತ್ತೂರಿನವಳು. ಗಂಡ ಹತ್ತಿ ಗಾಡಿ ಹೊಡೆಯುತ್ತಿದ್ದನಂತೆ. ಅವನ ಹಿಂದೆ ಈ ಊರಿಗೆ ಬಂದಳು, ಅವನು ತೀರಿಹೋದ ಮೇಲೆ ಇಲ್ಲೇ ಉಳಿದಳು. ಬಹಳ ವರ್ಷ ನಮ್ಮ ಫ್ಯಾಕ್ಟರಿಯಲ್ಲೇ ಯಂತ್ರಕ್ಕೆ ಹತ್ತಿ ಉಣಿಸಿದವಳು. ಧೂಳು ಎದೆಗಿಳಿದು ಕೆಮ್ಮು ಕಾಯಂ ಆದಾಗ ಕೆಲಸ ಬಿಟ್ಟು, ಗೇಟಿನ ಎದುರಿನ ತನ್ನ ಒಂದಂಕಣದ ಮನೆಯಲ್ಲಿ ನಮ್ಮಂಥ ಒಂಟಿಗಳಿಗೆ ರೊಟ್ಟಿ ಬಡಿಯತೊಡಗಿದಳು.

ಫ್ಯಾಕ್ಟರಿಯ ಹೆಂಗಸರಲ್ಲಿ ಹಸುಗೂಸಿನ ತಾಯಂದಿರು ಬಹಳ ಮಂದಿ. ಅಂಗಳದ ಬೇವಿನ ಮರಕ್ಕೆ ಸೀರೆ ಕಟ್ಟಿ ಕೂಸನ್ನು ಅದರಲ್ಲಿ ಮಲಗಿಸಿ ಒಳಗೆ ಹೋಗುತ್ತಿದ್ದರು. ಸಂಜೆಯ ತನಕ ಅದು ಏಳಬಾರದಲ್ಲ, ಅದಕ್ಕೆ ಎಳ್ಳಿನಷ್ಟು ಅಫೀಮು ನಾಲಿಗೆಗೆ ಸವರುತ್ತಿದ್ದರು. ಅವರ ಅವ್ವಂದಿರೂ ಸವರಿದ್ದರು, ಯಾರೂ ಅದನ್ನು ತಪ್ಪೆಂದು ಎಣಿಸಿರಲಿಲ್ಲ. ರಂಗವ್ವನೂ ಒಂದು ಕಾಲಕ್ಕೆ ಸವರಿದವಳೇ. ಅವಳ ಮೊದಲ ಮಗಳು ಹಾಗೆ ಮಲಗಿದವಳು ಏಳಲಿಲ್ಲ. ಇದನ್ನು ನನಗೆ ಹೇಳುವಾಗ ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ.

ಐವತ್ತೇಳರ ಹತ್ತಿ ಸುಗ್ಗಿಯಲ್ಲಿ ಅವಳು ತನ್ನ ಮನೆಯ ತೊಲೆಗೆ ಸೀರೆಗಳನ್ನು ಕಟ್ಟಿ ಏಳು ತೊಟ್ಟಿಲು ಮಾಡಿದಳು. ಕೂಸನ್ನು ಬಿಟ್ಟುಹೋಗುವ ತಾಯಿ ಕೈಲಾದಷ್ಟು ಜೋಳ ಕೊಡಬೇಕು, ಅಫೀಮು ಮುಟ್ಟಿಸಬಾರದು. ಆ ಜೋಳ ನಮ್ಮ ರೊಟ್ಟಿಯಾಗುತ್ತಿತ್ತು, ನಮ್ಮ ರೊಟ್ಟಿಯ ದುಡ್ಡು ಮಕ್ಕಳ ಹಾಲಾಗುತ್ತಿತ್ತು. ನಾನು ಎರಡು ರೊಟ್ಟಿ ಜಾಸ್ತಿ ತಿಂದರೆ ಸಮಾಜ ಸೇವೆ ಮಾಡಿದಂತಾಗುತ್ತಿತ್ತು. ಆ ಸೇವೆಯಲ್ಲಿ ನಾನು ಹಿಂದೆ ಬೀಳಲಿಲ್ಲ.

ಮೇಸ್ತ್ರಿ ಬಕ್ಕೇಶಪ್ಪನಿಗೆ ಇದು ಸೇರಲಿಲ್ಲ. ಮರದಡಿ ಮಲಗಿದ ಕೂಸು ಅಳುವುದಿಲ್ಲ, ತಾಯಿ ಯಂತ್ರ ಬಿಟ್ಟು ಏಳುವುದಿಲ್ಲ; ಅವನಿಗೆ ಬೇಕಾದದ್ದು ಅದೇ.

"ಏನು ರಂಗವ್ವ, ಕೂಸಿನ ಅಂಗಡಿ ಇಟ್ಟೀಯಂತೆ. ಹೆಂಗ, ವ್ಯಾಪಾರ ಐತಾ?"

"ಐತೆ ಮೇಸ್ತ್ರಿ. ನಿಮಗೂ ಒಂದು ತೊಟ್ಟಿಲು ಕಟ್ಟಿಸ್ತೀನಿ ಬರ್ರಿ. ತೊಲೆ ಗಟ್ಟಿ ಐತೆ."

ಹಾಲೂಡಿಸಲು ತಾಯಂದಿರು ರಸ್ತೆ ದಾಟಿ ಹೋಗುವಂತಿಲ್ಲ ಎಂದು ಅವನು ಗೇಟಿನಲ್ಲಿ ಅಡ್ಡ ನಿಂತ. ರಂಗವ್ವ ಜಗಳಕ್ಕೆ ಹೋಗಲಿಲ್ಲ. ಸೊಂಟದ ಎರಡೂ ಕಡೆ ಹಸಿದ ಎರಡು ಕೂಸುಗಳನ್ನು ಇಟ್ಟುಕೊಂಡು ಸೀದಾ ಮ್ಯಾನೇಜರ್ ರಾಮಚಂದ್ರಪ್ಪನವರ ಮೇಜಿನ ಮುಂದೆ ನಿಂತಳು. ಕೂಸುಗಳು ಕಿರುಚಿಕೊಂಡು ಅಳುತ್ತಿದ್ದವು.

"ಸಾಹೇಬ್ರ, ನನ್ನ ಮಾತು ಕೇಳವಲ್ವು ಇವು. ಸಂಜೀತನಕ ತಡಕಳ್ರಿ ಅಂತ ನೀವಾ ಒಂದು ಮಾತು ಹೇಳ್ರಿ."

ಸಾಹೇಬರು ಕಿವಿ ಮುಚ್ಚಿಕೊಂಡೇ, "ಎರಡು ಸಲ ಹೋಗಿಬರ್ಲಿ, ಮೊದಲು ಇವನ್ನ ಕರ್ಕೊಂಡು ಹೋಗಮ್ಮ," ಅಂದರು.

ಏಳು ತೊಟ್ಟಿಲೂ ತುಂಬಿದವು. ಒಂದು ಕೂಸನ್ನು ತೂಗಿದರೆ ಇನ್ನೊಂದು ಏಳುತ್ತಿತ್ತು, ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಸೀದ ರೊಟ್ಟಿ ತಿನ್ನುತ್ತ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ಫ್ಯಾಕ್ಟರಿಯಲ್ಲಿ ಒಂದೇ ಶಾಫ್ಟು ಸಾಲಿನ ಎಲ್ಲ ಯಂತ್ರಗಳನ್ನೂ ತಿರುಗಿಸುವುದಿಲ್ಲವೇ? ಹಾಗೆಯೇ ಏಳು ತೊಟ್ಟಿಲನ್ನೂ ಒಂದೇ ಉದ್ದ ಹಗ್ಗಕ್ಕೆ ಬಿಗಿದು, ತುದಿಯನ್ನು ಒಲೆಯ ಬಳಿಗೆ ತಂದೆ. ರಂಗವ್ವ ಅದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಳೆದಳು. ಏಳೂ ಒಟ್ಟಿಗೆ ತೂಗಿದವು, ಕೈ ಹಿಟ್ಟಿನಲ್ಲೇ ಇತ್ತು.

"ಪರವಾಗಿಲ್ಲ ನಿಂಗಪ್ಪ, ನಿನ್ನ ಓದು ದಂಡ ಆಗ್ಲಿಲ್ಲ," ಅಂದಳು. ನಾನು ಎಸ್ಸೆಸ್ಸೆಲ್ಸಿ ನಪಾಸಾದದ್ದನ್ನು ಅವಳಿಗೆ ಹೇಳಿರಲಿಲ್ಲ.

ಸ್ವಲ್ಪ ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಒಂದು ದಿನ ಕರಿಯವ್ವನ ಮಗ ಭರಮನಿಗೆ ಜ್ವರ ಬಂತು. ಕೂಸನ್ನು ಅತ್ತೆಯ ಬಳಿ ಬಿಟ್ಟು ಕರಿಯವ್ವ ಕೆಲಸಕ್ಕೆ ಬಂದಿದ್ದಳು. ಬರದಿದ್ದರೆ ಮೇಸ್ತ್ರಿ ಅವಳ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತಿದ್ದ. ಮಧ್ಯಾಹ್ನ ಉಳಿದವರು ಹಾಲೂಡಿಸಲು ಹೊರಟಾಗ ಅವಳೂ ಜೊತೆಗೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಆರು ಕೂಸುಗಳ ಜೊತೆಗೆ ಅವಳ ಭರಮನ ಖಾಲಿ ತೊಟ್ಟಿಲೂ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು.

ಖಾಲಿ ತೊಟ್ಟಿಲು ತೂಗಿದರೆ ಅದರ ಕೂಸಿಗೆ ಕೇಡು ಎಂಬುದು ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಚಿಕ್ಕವನಿದ್ದಾಗ ಹಾಗೆ ತೂಗಿ ಅಜ್ಜಿಯಿಂದ ಬೆನ್ನಿಗೆ ಗುದ್ದು ತಿಂದವನು ನಾನು. ಆದರೆ ಯಂತ್ರ ನಿಂತರೂ ಅದರ ಗಾಲಿ ತಿರುಗುತ್ತಲೇ ಇರುವುದನ್ನು ದಿನವೂ ನೋಡಿದವನಿಗೆ ತೊಟ್ಟಿಲೆಂದರೆ ಗಾಲಿಯಲ್ಲ ಎಂಬುದು ಹೊಳೆಯಲಿಲ್ಲ. ತೊಟ್ಟಿಲುಗಳಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದ ರಂಗವ್ವನಿಗೂ ಕಾಣಲಿಲ್ಲ.

ಕರಿಯವ್ವ ಎರಡೂ ಕೈಯಲ್ಲಿ ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು. "ಯಾರು ತೂಗಿದ್ದು?" ಅಂದಳು, ಮೆಲ್ಲಗೆ. ರಂಗವ್ವ ತನ್ನ ಕಾಲ ಬೆರಳನ್ನು ನೋಡಿಕೊಂಡಳು.

ಮರುದಿನ ಒಂದೇ ಕೂಸು ಬಂತು, ಅದರ ಮರುದಿನ ಅದೂ ಇಲ್ಲ. ಬೇವಿನ ಮರದಡಿ ಮತ್ತೆ ಸೀರೆಗಳು ಜೋತವು, ಸೆರಗಿನ ಗಂಟಿನಿಂದ ಮತ್ತೆ ಅಫೀಮು ಹೊರಬಂತು. "ನೋಡ್ರಿ, ಎಷ್ಟು ಶಾಂತ ಮಲಗ್ಯಾವೆ," ಎಂದು ಬಕ್ಕೇಶಪ್ಪ ನಮ್ಮೆಲ್ಲರಿಗೂ ಕೇಳುವಂತೆ ಅಂದ. ಆ ಶಾಂತಿಯನ್ನು ರಂಗವ್ವ ರಸ್ತೆಯ ಈಚೆಯಿಂದ ನೋಡುತ್ತಿದ್ದಳು. ನಮಗೆ ಬಡಿಸುವುದನ್ನೂ ಮರೆಯುತ್ತಿದ್ದಳು.

ನಾನು ಪರಿಹಾರ ಹಿಡಿದುಕೊಂಡೇ ಹೋದೆ. "ಅವ್ವ, ಒಂದೊಂದು ತೊಟ್ಟಿಲಿಗೂ ಕೊಂಡಿ ಹಾಕ್ತೀನ್ರಿ. ಬರದ ಕೂಸಿನ ತೊಟ್ಟಿಲು ಬಿಚ್ಚಿಟ್ರೆ ಆತು."

"ಇನ್ನು ಮೇಲೆ ತೂಗಲ್ಲ, ಸರಿ. ಆಗ್ಲೇ ತೂಗಿ ಆಗೈತಲ್ಲ, ಅದಕ್ಕ ನಿನ್ನ ಕೊಂಡಿ ಏನ್ ಮಾಡ್ತೈತೆ?"

"ಅದೆಲ್ಲ ಮೂಢನಂಬಿಕೆ ಅಂತ ಅವರಿಗೆ ಹೇಳ್ರಿ ಮತ್ತೆ."

"ಕೂಸಿಗೆ ಮೈ ಸುಡ್ತೈತೆ. ತಾಯಿಗೆ ಪಾಠ ಹೇಳೋ ಹೊತ್ತೇನಪ್ಪ ಇದು?"

ಅವಳು ಕರಿಯವ್ವನ ಮನೆಗೆ ಹೋದಳು. ಅತ್ತೆ ಒಳಗೆ ಬಿಡಲಿಲ್ಲ, ರಂಗವ್ವ ಹೊಸ್ತಿಲ ಹೊರಗೇ ಕೂತಳು. ಬೈಗುಳವೆಲ್ಲ ಮುಗಿದ ಮೇಲೆ, "ಆತಲ್ಲ, ಈಗ ಕೂಸನ್ನ ಆಸ್ಪತ್ರೆಗೆ ಒಯ್ಯೋಣ ಏಳ್ರಿ," ಅಂದಳು. ತಾನೂ ಜೊತೆಗೆ ನಡೆದಳು. ಡಾಕ್ಟರು ಔಷಧ ಕೊಟ್ಟರು, ಜ್ವರ ಇಳಿಯತೊಡಗಿತು. ಆದರೂ ತೊಟ್ಟಿಲಿಗೆ ಯಾರೂ ಬರಲಿಲ್ಲ. ಇಳಿದದ್ದು ಜ್ವರ, ಭಯವಲ್ಲ.

ಮುಂದಿನ ಸೋಮವಾರ ಊಟದ ಗಂಟೆ ಹೊಡೆದಾಗ ರಂಗವ್ವ ಮನೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟಿದ್ದಳು. ನೋಡಿದರೆ ಏಳು ತೊಟ್ಟಿಲಲ್ಲೂ ಒಂದೊಂದು ಗುಂಡುಕಲ್ಲು. ತಾನು ಚಟ್ನಿ ರುಬ್ಬುವ ಒಳಕಲ್ಲಿನದು ಒಂದು, ಓಣಿಯವರಿಂದ ಎರವಲು ತಂದವು ಆರು. ಎಲ್ಲಕ್ಕೂ ಕುಲಾವಿ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟಿದ್ದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ನಮ್ಮ ವಾಡಿಕೆ. ಬರುವ ಕೇಡು ಮೊದಲು ಕಲ್ಲಿಗೆ ಬರಲಿ ಅಂತ. ರಂಗವ್ವ ಹಗ್ಗ ಎಳೆದಳು. ಏಳು ಕಲ್ಲುಗಳೂ ಗಂಭೀರವಾಗಿ ತೂಗಿದವು. ಗೇಟಿನಲ್ಲಿ ನಿಂತ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಒಬ್ಬೊಬ್ಬರೇ ರಸ್ತೆ ದಾಟಿದರು. ಹಿಂದೆ ಕರಿಯವ್ವ.

ರಂಗವ್ವ ನಗಲಿಲ್ಲ. "ಕರಿಯವ್ವ, ನಿನ್ನ ಮಗನ ತೊಟ್ಟಿಲು ಖಾಲಿ ತೂಗಿದಾಕಿ ನಾನು. ಅದರ ಕೇಡು ಏನಿದ್ರೂ ಈ ಕಲ್ಲಿಗೆ ಬರ್ಲಿ. ಕಲ್ಲು ತಾಳದಿದ್ರೆ ನನಗ ಬರ್ಲಿ. ನಿನ್ನ ಕೂಸಿಗೆ ಬ್ಯಾಡ. ಅಫೀಮಿನಿಂದ ಹೋದ ಕೂಸಿಗೆ ಮಾತ್ರ ಯಾವ ಕಲ್ಲೂ ಅಡ್ಡ ಬರಲ್ಲವ್ವ. ನಾ ಕಂಡೀನಿ."

ಹಗ್ಗ ಕಟ್ಟಿದವನು ನಾನೆಂದು ಅವಳು ಬಾಯಿ ಬಿಡಲಿಲ್ಲ. ನಾನೂ ಆ ಕ್ಷಣ ಮುಂದೆ ಬಂದು ಕೀರ್ತಿಯಲ್ಲಿ ಪಾಲು ಕೇಳಲಿಲ್ಲ.

ಗಂಟೆ ಹೊಡೆಯಿತು, ಎಲ್ಲರೂ ಫ್ಯಾಕ್ಟರಿಯೊಳಗೆ ಹೋದರು. ಮರುದಿನವೂ ಕಲ್ಲುಗಳೇ ತೂಗಿದವು. ಅದರ ಮರುದಿನ ಬೆಳಿಗ್ಗೆ ಕರಿಯವ್ವ ಭರಮನನ್ನು ಎತ್ತಿಕೊಂಡು ಬಂದಳು. ತೊಟ್ಟಿಲಿನ ಕಲ್ಲನ್ನು ತಾನೇ ಎತ್ತಿ ಕೆಳಗಿಟ್ಟು, ಅದರ ಕುಲಾವಿ ತೆಗೆದು ಮಗನಿಗೆ ತೊಡಿಸಿ, ಅವನನ್ನು ಮಲಗಿಸಿದಳು.

"ಇನ್ನೂ ಕಾವು ಐತೆ ಸ್ವಲ್ಪ. ನೋಡ್ಕೋ ಅವ್ವ," ಅಂದಳು.

ಅಮಾವಾಸ್ಯೆಯೊಳಗೆ ಏಳು ಕಲ್ಲುಗಳೂ ತಮ್ಮ ತಮ್ಮ ಮನೆಗೆ ಮರಳಿದವು. ಅಷ್ಟು ದಿನ ಚಟ್ನಿಯಿಲ್ಲದೆ ರೊಟ್ಟಿ ನುಂಗಿದ್ದ ನನ್ನ ಜೊತೆಗಾರ ಶಬ್ಬೀರ್, "ಈ ಕಲ್ಲಪ್ಪಗಳು ದೊಡ್ಡವಾಗಿ ನೌಕರಿಗೆ ಹೋಗೋತನಕ ನಮಗೆ ಚಟ್ನಿ ಇಲ್ಲ ಅಂತ ಮಾಡಿದ್ದೆ," ಅಂದ.

ಮುಂದಿನ ವರ್ಷ ಹರಿಹರದಲ್ಲಿ ಹೊಳೆಯ ದಂಡೆಯ ಇಟ್ಟಿಗೆ ಭಟ್ಟಿಯ ಒಂದಿಬ್ಬರು ಹೆಂಗಸರು ತಮ್ಮಲ್ಲೂ ಅಂಥ ತೊಟ್ಟಿಲು ಬೇಕೆಂದು ಹೇಳಿ ಕಳಿಸಿದರು. ವಾರದ ರಜೆಯ ದಿನ ರಂಗವ್ವ ರೈಲಿಗೆ ಹೊರಟಳು, ಜೊತೆಗೆ ಕಂಕುಳಲ್ಲಿ ಭರಮನನ್ನು ಇಟ್ಟುಕೊಂಡ ಕರಿಯವ್ವ. ಚೀಲ ಹೊರಲು ನಾನು. ಎಂಜಿನಿಯರಿಕೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಭಟ್ಟಿಯ ಉಳಿದ ಹೆಂಗಸರು ದೂರದಲ್ಲೇ ನಿಂತಿದ್ದರು. ರಂಗವ್ವ ಮಾತು ತೆಗೆಯುವಷ್ಟರಲ್ಲಿ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಕರಿಯವ್ವ ಕೂಸನ್ನು ನೆಲಕ್ಕೆ ಬಿಟ್ಟಳು. ಅದು ತೆವಳಿಕೊಂಡು ಹೋಗಿ ಒಬ್ಬಳ ಸೀರೆ ಹಿಡಿದು ಎದ್ದು ನಿಂತಿತು.

"ನಾನೂ ಅಫೀಮು ಸವರ್ತಿದ್ದೆನವ್ವ," ಅಂದಳು ಕರಿಯವ್ವ. "ಕೂಡ್ರಿ, ಹೇಳ್ತೀನಿ."

ಅವರು ಕೂತರು.