ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ನನ್ನದು ರೆಡಿಮೇಡ್ ಬಟ್ಟೆ ಅಂಗಡಿ. ಮೂವತ್ತು ವರ್ಷದಿಂದ ಜನರ ಸೊಂಟ ನೋಡುತ್ತ ಬಂದವನು ನಾನು, ಮುಖ ನೋಡುವುದು ಆಮೇಲೆ. ಬಾಗಿಲು ದಾಟಿ ಬರುವಾಗಲೇ ಇವರದು ನಲವತ್ತು, ಇವರು ಕೇಳುವುದು ಮೂವತ್ತೆಂಟು ಎಂದು ಗೊತ್ತಾಗಿಬಿಡುತ್ತದೆ. ಕೇಳಿದ್ದನ್ನು ಕೊಟ್ಟರೆ ಗುಂಡಿ ಕೂಡುವುದಿಲ್ಲ. ಹಿಡಿಸುವುದನ್ನು ಕೊಟ್ಟರೆ ಮುಖ ಬಾಡುತ್ತದೆ. ಅದಕ್ಕೇ ನಲವತ್ತರ ಪ್ಯಾಂಟಿಗೆ ಮೂವತ್ತೆಂಟರ ಚೀಟಿ ಹೊಲಿಸುತ್ತೇನೆ. ಗಿರಾಕಿ ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, ಹೊಟ್ಟೆ ಸವರಿಕೊಂಡು, ಒಂದರ ಬದಲು ಎರಡು ಒಯ್ಯುತ್ತಾನೆ. ಮೋಸ ಅನ್ನಿ, ಉಪಕಾರ ಅನ್ನಿ, ಇದುವರೆಗೆ ಒಬ್ಬರೂ ವಾಪಸ್ ತಂದಿಲ್ಲ.

ಆ ಚೀಟಿಗಳನ್ನು ಹೊಲಿಯುವವರು ನಮ್ಮ ಮಾಸ್ಟರ್. ಅಂಗಡಿಯ ಗಾಜಿನ ಹಿಂದೆಯೇ ಅವರ ಮೆಷಿನ್ನು. ಕಡ್ಡಿಯಂಥ ಆಳು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ತುಟಿಯ ನಡುವೆ ಗುಂಡುಪಿನ್ನು. ಪಿನ್ನಿನಿಂದಾಗಿ ಮಾತಾಡುವುದಿಲ್ಲ ಎಂದುಕೊಂಡಿದ್ದೆ. ಪಿನ್ನು ತೆಗೆದರೂ ಮಾತಾಡುವವರಲ್ಲ ಎಂದು ಆಮೇಲೆ ತಿಳಿಯಿತು. ಅವರ ಕೆಲಸದಲ್ಲಿ ಒಂದು ಹಟವಿತ್ತು. ಏನು ಹೊಲಿದರೂ ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಮಡಿಚಿ ಬಿಟ್ಟೇ ಬಿಡುತ್ತಿದ್ದರು. ಬಟ್ಟೆ ದಂಡ ಮಾಡುತ್ತೀರಿ ಎಂದು ನಾನು ಗೊಣಗಿದರೆ, “ಜನ ದಪ್ಪ ಆಗ್ತಾರೆ ಯಜಮಾನ್ರೆ, ಬಟ್ಟೆ ಆಗಲ್ಲ” ಎನ್ನುತ್ತಿದ್ದರು. ದಿನಕ್ಕೆ ಅಷ್ಟೇ ಮಾತು.

ಮಿಕ್ಕ ಮಾತೆಲ್ಲ ಅವರ ಹೆಂಡತಿಯದು. ಮೆಷಿನ್ನಿನ ಪಕ್ಕದ ಬೆಂಚಿನಲ್ಲಿ ಕೂತು ಗುಂಡಿಯ ತೂತಿಗೆ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಜೊತೆಗೆ ನನ್ನ ಕಾಲೆಳೆಯುವುದು, ಮೂರೂ ಏಕಕಾಲಕ್ಕೆ ನಡೆಯುತ್ತಿದ್ದವು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. ಯಾರು ದೊಡ್ಡವರು ಎಂಬುದನ್ನು ಇಬ್ಬರೂ ಕೆದಕಲು ಹೋಗಲಿಲ್ಲ. ಒಂದು ದಿನ ಚೀಟಿಗಳ ಕಟ್ಟು ಬಿಚ್ಚುತ್ತ ಕೇಳಿದ್ದರು: “ಅಣ್ಣ, ನಿಮ್ಮ ಕಾಲರಿಗೂ ಒಂದು ಹೊಲಿದು ಕೊಡ್ಲಾ? ವಯಸ್ಸು ಇಪ್ಪತ್ತೈದು ಅಂತ?”

ಮೂರು ವರ್ಷದ ಹಿಂದೆ ಆ ಬೆಂಚು ಖಾಲಿಯಾಯಿತು. ಅವರ ಮನೆ ಅಂಗಡಿಯ ಮೇಲೆಯೇ, ಮೂರನೇ ಮಹಡಿಯಲ್ಲಿ, ಐವತ್ತನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಅಕ್ಕನ ಮಂಡಿ ಎರಡೂ ಸವೆದವು. ನಡೆಯಲಾಗದೆ ಕೂತರು, ಕೂತು ದಪ್ಪಗಾದರು, ದಪ್ಪಗಾಗಿದ್ದಕ್ಕೆ ಮಂಡಿ ಇನ್ನಷ್ಟು ಕೆಟ್ಟಿತು. ಕೊನೆಗೆ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಊರಾಯಿತು. ಬಟ್ಟೆ ಒಗೆಯುವುದು, ಒಣಹಾಕುವುದು, ಮಡಚುವುದು ಮಾಸ್ಟರ್ ಪಾಲಿಗೆ ಬಂತು. ಗುಂಡಿ ಹಚ್ಚುವ ಕೆಲಸ ಮೇಲಕ್ಕೇ ಕಳಿಸುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. ಕೆಲಸ ಬೇಕಾದದ್ದು ಕೈಗಲ್ಲವಂತೆ, ಕಣ್ಣಿಗೂ ಬಾಯಿಗೂ ಅಂತೆ. ಅವರಿಗೆ ಬೇಕಾದದ್ದು ಒಂದೇ: ಕೆಳಗಿಳಿದು ಬಂದು ಆ ಬೆಂಚಿನಲ್ಲಿ ಕೂರುವುದು.

ಅದಕ್ಕೆ ಮಂಡಿ ಬದಲಿಸಬೇಕು. ದೊಡ್ಡಾಸ್ಪತ್ರೆಗೆ ಮಂಡಿಯ ಡಾಕ್ಟರು ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಅಕ್ಕನನ್ನು ಕುರ್ಚಿಯ ಸಮೇತ ನಾಲ್ವರು ಹೊತ್ತು ಇಳಿಸಿದೆವು. ನಾನೂ ಒಂದು ಕಾಲು ಹಿಡಿದಿದ್ದೆ, ಕುರ್ಚಿಯದು. ತಕ್ಕಡಿ ತೊಂಬತ್ತೇಳು ಕಿಲೋ ತೋರಿಸಿತು. ಆರು ತಿಂಗಳಲ್ಲಿ ಎಂಬತ್ತೈದಕ್ಕೆ ಇಳಿಸಿಕೊಂಡು ಬಂದರೆ ಆಪರೇಷನ್ ಪಟ್ಟಿಯಲ್ಲಿ ಹೆಸರು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ಊಟದ ಸಲಹೆ ಕೊಡುವ ಹುಡುಗಿಯೊಬ್ಬಳು ಒಳ್ಳೆಯ ಮಾತಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆಯೋ, ಉಳಿದ ಕಾಲು ಭಾಗವಷ್ಟೇ ಅನ್ನ. ಚಹಾಕ್ಕೆ ಸಕ್ಕರೆ ಇಲ್ಲ. ಉಪವಾಸ ಬೇಡ, ಉಪವಾಸ ಮಾಡಿದವರು ರಾತ್ರಿ ಡಬ್ಬ ತಡಕುತ್ತಾರೆ. ಕುರ್ಚಿಯಲ್ಲೇ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸಬೇಕು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸಬೇಕು. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ನಡುವೆ ಕೆಲವು ವಾರ ಏನೂ ಇಳಿಯುವುದಿಲ್ಲ, ಆಗ ಕೈಬಿಡಬಾರದು. ತಿಂಗಳಿಗೊಮ್ಮೆ ಬಂದು ತೂಗಿಸಿ ಎಂದಳು. ಐವತ್ತನಾಲ್ಕು ಮೆಟ್ಟಿಲಿನ ಲೆಕ್ಕವನ್ನೂ ಮನೆಯಲ್ಲಿ ತಕ್ಕಡಿ ಇಲ್ಲವೆಂಬುದನ್ನೂ ಕೇಳಿದ ಮೇಲೆ, ಹಾಗಾದರೆ ತೊಡುವ ಬಟ್ಟೆಯನ್ನೇ ನೋಡಿಕೊಳ್ಳಿ, ಸಡಿಲವಾಗುತ್ತ ಬಂದರೆ ದಾರಿ ಸರಿ ಇದೆ ಎಂದರ್ಥ ಎಂದಳು. ಪಾಪ, ಗಂಡನ ಕಸುಬು ಏನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೊದಲ ತಿಂಗಳು ಅಕ್ಕ ಚಾಚೂ ತಪ್ಪಲಿಲ್ಲ. ಮನೆಯಲ್ಲಿ ತೊಡಲು ಇದ್ದ ಐದು ಗೌನುಗಳೂ ಮಾಸ್ಟರೇ ಹೊಲಿದಂಥವು. ಅವು ಒಂದಿಷ್ಟು ಸಡಿಲವೂ ಆದವು. ಎರಡನೇ ತಿಂಗಳು ಅಲ್ಲಿಗೇ ನಿಂತವು. ಆ ಹುಡುಗಿ ಮೊದಲೇ ಎಚ್ಚರಿಸಿದ್ದ ವಾರಗಳು ಅವು. ಆದರೆ ಎಚ್ಚರಿಕೆ ಕೇಳುವಾಗ ಇರುವ ಧೈರ್ಯ ಅನುಭವಿಸುವಾಗ ಇರುವುದಿಲ್ಲ. ಅಕ್ಕ ಬಾಟಲಿಗಳನ್ನು ಮೂಲೆಗೆ ನೂಕಿ, ಈ ಕುರ್ಚಿಯಲ್ಲೇ ಸಾಯುತ್ತೇನೆ ಬಿಡಿ ಎಂದರಂತೆ. ಮಾಸ್ಟರ್ ಅಂಗಡಿಗೆ ಬಂದು ಪಿನ್ನು ಕಚ್ಚದೆಯೇ ಮೆಷಿನ್ನಿನ ಮುಂದೆ ಕೂತರು. ನಾನು ಕೇಳಿ ಕೇಳಿ ಬಾಯಿ ಬಿಡಿಸಿದೆ. ಆಮೇಲೆ ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಮೂವತ್ತು ವರ್ಷ ಗಿರಾಕಿಗಳಿಗೆ ಮಾಡಿದ್ದನ್ನ ಹೆಂಡ್ತಿಗೆ ಒಂದು ಸಲ ಮಾಡೋಕೆ ಏನ್ರೀ ಕಷ್ಟ?” ಅಂದೆ.

ಮಾರನೆಯ ದಿನ ಅಂಚು ಕಿತ್ತಿದೆ ಎಂಬ ನೆಪದಲ್ಲಿ ಒಂದು ಗೌನು ಅಂಗಡಿಗೆ ಬಂತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಿಚಿದ್ದ ಬಟ್ಟೆಯಲ್ಲಿ ಅರ್ಧ ಬೆರಳಿನಷ್ಟು ಹೊರಗೆ ಬಿಟ್ಟು, ಅದೇ ಬಣ್ಣದ ದಾರದಲ್ಲಿ ಹೊಲಿದರು. ದಾರ ಹುಡುಕಿ ಕೊಟ್ಟವನು ನಾನೇ. ವಾರದೊಳಗೆ ಉಳಿದ ನಾಲ್ಕಕ್ಕೂ ಅದೇ ಆಯಿತು.

ಅದು ಕೆಲಸ ಮಾಡಿತು ಎಂಬುದೇ ಬೇಜಾರಿನ ಸಂಗತಿ. ಅಕ್ಕ ಹದಿನೈದು ದಿನ ಎರಡರಷ್ಟು ಹುರುಪಿನಲ್ಲಿ ಕಾಲು ಚಾಚಿದರು. ಕಿಟಕಿಯಿಂದಲೇ ನನ್ನನ್ನು ಕೂಗಿ, ಬೆಂಚಿನ ಧೂಳು ಒರೆಸಿಡಿ ಎಂದರು. ಆಮೇಲೆ ಗೌನು ಮತ್ತೆ ಅಲ್ಲಿಗೇ ನಿಂತಿತು, ಮಾಸ್ಟರ್ ಮತ್ತೆ ಅರ್ಧ ಬೆರಳು ಬಿಟ್ಟರು. ಮೂರನೇ ಸಲದ ಹೊತ್ತಿಗೆ ಹುರುಪಿನ ಜಾಗದಲ್ಲಿ ನೆಮ್ಮದಿ ಬಂದು ಕೂತಿತ್ತು. ಇಷ್ಟು ಇಳಿದ ಮೇಲೆ ಒಂದು ಚಮಚ ಸಕ್ಕರೆ ಏನು ಮಾಡೀತು ಎಂದರು. ಚಮಚ ಎರಡಾಯಿತು. ತಟ್ಟೆಯಲ್ಲಿ ಅನ್ನ ತನ್ನ ಹಳೆಯ ಜಾಗವನ್ನು ಮೆಲ್ಲಗೆ ಮರಳಿ ಪಡೆಯಿತು. ಬೇಡ ಕಣೇ ಎನ್ನಲು ಮಾಸ್ಟರಿಗೆ ಬಾಯಿಲ್ಲ. ಯಾಕೆ ಬೇಡ ಎಂದರೆ ಏನು ಹೇಳುವುದು? ನಾನಾದರೂ ಹೇಳಬಹುದಿತ್ತು. ವ್ಯಾಪಾರಿ ತನ್ನ ಮಾಲಿನ ದೋಷವನ್ನು ತಾನೇ ಹೇಳುವುದು ನಾನು ಕಂಡಿಲ್ಲ.

ಆರು ತಿಂಗಳ ಮೇಲೆ ಅದೇ ಕುರ್ಚಿ, ಅದೇ ಮೆಟ್ಟಿಲು. ಹೊತ್ತವರಲ್ಲಿ ಒಬ್ಬ ಕುರ್ಚಿ ಹಗುರವಾಗಿಲ್ಲವಲ್ಲ ಎಂದದ್ದಕ್ಕೆ ಅಕ್ಕ, ನಿನ್ನ ತೋಳು ಸೋತಿದೆ ಮಾರಾಯ, ಸ್ವಲ್ಪ ಕಾಳು ತಿನ್ನು ಎಂದು ನಗಿಸಿದರು. ಆಸ್ಪತ್ರೆಯ ತಕ್ಕಡಿ ತೊಂಬತ್ತೆಂಟು ತೋರಿಸಿತು. ಅಕ್ಕ ಇಳಿದು, ಚಪ್ಪಲಿ ಬಿಟ್ಟು ಮತ್ತೆ ಹತ್ತಿದರು. ತಕ್ಕಡಿ ಕೆಟ್ಟಿದೆ ಎಂದರು. ದಾದಿ ತಾನೇ ಹತ್ತಿ ತೋರಿಸಿದಳು, ಐವತ್ತೆರಡು. ಅಕ್ಕ ಗಂಡನ ಕಡೆ ನೋಡಿದರು. ಮಾಸ್ಟರ್ ನೆಲ ನೋಡುತ್ತಿದ್ದರು.

ಮನೆಗೆ ತಂದು ಕೂರಿಸಿ ನಾನು ಹೊರಡುವುದರೊಳಗೆ, ಅಕ್ಕ ಗೋಡೆಯ ಕನ್ನಡಿ ಇಳಿಸಿಕೊಡಲು ಹೇಳಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ತೋಳೆತ್ತಿ ನೋಡಿದರು. ಗೌನಿನ ನೀಲಿ ಒಗೆದು ಒಗೆದು ಮಾಸಿತ್ತು. ಕಂಕುಳಿನಿಂದ ಕೆಳಗೆ ಮಾತ್ರ ಒಂದು ಪಟ್ಟಿ, ಹೊಸ ಬಟ್ಟೆಯ ಹಾಗೆ ಗಾಢ ನೀಲಿ. ಬಿಸಿಲು ಕಾಣದೆ ಒಳಗಿದ್ದ ಬಟ್ಟೆ. ಅಕ್ಕ ಕತ್ತರಿ ಕೇಳಿ, ತೊಟ್ಟಿದ್ದಂತೆಯೇ ಪಕ್ಕದ ಹೊಲಿಗೆ ಸ್ವಲ್ಪ ಬಿಚ್ಚಿದರು. ಇಪ್ಪತ್ತು ವರ್ಷ ಕಾಜಾ ಹಾಕಿದವರಿಗೆ ಹಳೆಯ ಹೊಲಿಗೆಯ ತೂತು ಓದಲು ಬರುತ್ತದೆ. ಒಂದರ ಪಕ್ಕ ಒಂದು, ಮೂರು ಸಾಲು ತೂತುಗಳಿದ್ದವು.

“ನೀನು ಸೋತು ಹೋಗ್ಬಾರ್ದು ಅಂತ ಮಾಡ್ದೆ ಕಣೇ” ಎಂದರು ಮಾಸ್ಟರ್.

“ನಾನು ಸೋತಿದ್ದು ನನಗೇ ಗೊತ್ತಾಗ್ಲಿಲ್ಲವಲ್ರೀ” ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಈ ವಿದ್ಯೆ ಇವರದ್ದಲ್ಲ. ಇವರಿಗೆ ಇಷ್ಟು ಬುದ್ಧಿ ಇಲ್ಲ” ಎಂದರು.

ಎರಡು ದಿನದ ಮೇಲೆ ಮೇಲಿಂದ ಹೇಳಿ ಕಳಿಸಿದರು, ಒಂದು ತಕ್ಕಡಿ ಬೇಕಂತೆ. ನಾನು ಖುಷಿಯಿಂದ ಕೊಂಡು ಹತ್ತಿಸಿದೆ. ಡಬ್ಬದ ಅಂಟುಪಟ್ಟಿ ಬಿಚ್ಚಿದೆಯೇ ಎಂದು ಅಕ್ಕ ತಿರುಗಿಸಿ ತಿರುಗಿಸಿ ನೋಡಿದರು. ಮಾರಿದ ಅಂಗಡಿಯವನೇ ಬಿಚ್ಚಿ ತೋರಿಸಿದ್ದ. ಅದನ್ನು ವಾಪಸ್ ಕಳಿಸಿ, ಪಕ್ಕದ ಮನೆಯಾಕೆಯ ಕೈಯಲ್ಲಿ ಬೇರೆ ತರಿಸಿಕೊಂಡರು.

ಮುಂದಿನ ಆರು ತಿಂಗಳು ಆ ಮನೆಯಲ್ಲಿ ಯಾರೂ ಯಾರಿಗೂ ಧೈರ್ಯ ಹೇಳಲಿಲ್ಲ. ವಾರಕ್ಕೊಂದು ಬೆಳಗ್ಗೆ ಅಕ್ಕ ಬಾಗಿಲು ಮುಚ್ಚಿಕೊಂಡು ತೂಗಿಕೊಂಡರು. ಇಳಿಯದ ವಾರಗಳು ಈ ಸಲವೂ ಬಂದವು. ಅಳು ಹೊರಗೆ ಕೇಳುತ್ತಿತ್ತಂತೆ. ಅಳು ನಿಂತ ಮೇಲೆ ಹತ್ತು ಎಣಿಸುವುದೂ ಕೇಳುತ್ತಿತ್ತಂತೆ. ಮುಂದಿನ ಸರದಿಯಲ್ಲಿ ಆಸ್ಪತ್ರೆಯ ತಕ್ಕಡಿ ಎಂಬತ್ನಾಲ್ಕೂವರೆ ತೋರಿಸಿತು. ಮೊದಲು ಒಂದು ಮಂಡಿ, ಆರು ತಿಂಗಳ ಮೇಲೆ ಇನ್ನೊಂದು.

ಈಗ ಅಕ್ಕ ಕೋಲು ಹಿಡಿದು ಐವತ್ತನಾಲ್ಕು ಮೆಟ್ಟಿಲನ್ನೂ ತಾವೇ ಇಳಿಯುತ್ತಾರೆ. ಇಳಿದ ಮೊದಲ ದಿನ ಮಾಸ್ಟರ್ ಬೆಂಚು ಒರೆಸಿ, ಮೇಲೊಂದು ದಿಂಬಿಟ್ಟು ಕಾದರು. ಅಕ್ಕ ನಮ್ಮ ಗಾಜಿನ ಮುಂದೆ ಹಾದು, ರಸ್ತೆ ದಾಟಿ, ಎದುರಿನ ಲೇಡೀಸ್ ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಹಾಕತೊಡಗಿದರು. ಅಲ್ಲಿಯದೇ ಹೊಲಿಗೆಯ ಗೌನು ತೊಡುತ್ತಾರೆ. ಅದರ ತೋಳು ಬಿಗಿ, ಬೆನ್ನು ಸೊಟ್ಟ. ನನ್ನ ಕಣ್ಣಿಗೇ ಚುಚ್ಚುವ ಹೊಲಿಗೆ ಮಾಸ್ಟರ ಕಣ್ಣಿಗೆ ಹೇಗಿರಬೇಡ. ಇಬ್ಬರೂ ಸಂಜೆ ಒಂದೇ ಮನೆಗೆ ಹೋಗುತ್ತಾರೆ, ಐದು ನಿಮಿಷದ ಅಂತರದಲ್ಲಿ. ಮಾಸ್ಟರ್ ಒಂದು ವರ್ಷದಲ್ಲಿ ಎಂಟು ಕಿಲೋ ಇಳಿದಿದ್ದಾರೆ. ಅವರಿಗೆ ಯಾರೂ ಸಲಹೆ ಕೊಟ್ಟಿರಲಿಲ್ಲ.

ಹೋದ ವಾರ ಮಾಸ್ಟರ್ ಪಿನ್ನು ತೆಗೆದಿಟ್ಟು, ವಾಪಸ್ ಬರ್ತಾಳಾ ಅಂತ ನೀವೊಂದು ಮಾತು ಕೇಳಿ ಬನ್ನಿ ಯಜಮಾನ್ರೆ ಎಂದರು. ರಸ್ತೆ ದಾಟಿ ಹೋದೆ. ಅಕ್ಕ ತಲೆಯೆತ್ತದೆ ದಾರ ಕಚ್ಚಿ ತುಂಡು ಮಾಡಿದರು.

“ಇಲ್ಲಿ ಹೊಲಿಗೆ ಚೆನ್ನಾಗಿಲ್ಲ, ಗೊತ್ತು ಅಣ್ಣ. ಆದ್ರೆ ಬಿಗಿ ಇದ್ರೆ ಬಿಗಿ ಅಂತಾರೆ. ನಾನು ಬರಲ್ಲ. ಅವರಿಗೆ ಹಾಗೇ ಹೇಳಿ.”

ವಾಪಸ್ ಬಂದೆ. ಮಾಸ್ಟರ್ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ಅಲ್ಲಿ ಕೆಲಸ ಜಾಸ್ತಿಯಂತೆ, ಮುಗಿದ ಮೇಲೆ ಯೋಚನೆ ಮಾಡ್ತಾರಂತೆ ಎಂದೆ. ಅವರ ಮುಖ ಒಂದಿಷ್ಟು ಅರಳಿತು. ಪಿನ್ನು ಕಚ್ಚಿಕೊಂಡು ಮೆಷಿನ್ನು ತುಳಿಯತೊಡಗಿದರು.