ಟೈಲರಕ್ಕ ಎತ್ತಿದ ಕೈ

ಊರಿನ ಅರ್ಧ ಮಕ್ಕಳಿಗೆ ಯೂನಿಫಾರ್ಮ್ ಹೊಲಿದ ಟೈಲರಕ್ಕನನ್ನು ತಾಯಂದಿರೇ ಹಟ ಹಿಡಿದು ಶಾಲಾ ಮಂಡಳಿಗೆ ಆರಿಸಿದ್ದರು. ಅವಳು ಓಡಾಡಿ ಹುಡುಗಿಯರಿಗೆ ಶೌಚಾಲಯ ಕಟ್ಟಿಸಿದಳು. ಆದರೆ ಹಳ್ಳದಾಚೆಯ ಪುಟ್ಟ ಶಾಲೆಯನ್ನು ಮುಚ್ಚುವ ಮಾತು ಬಂದಾಗ, ಓದಿದವರ ನಡುವೆ ಎದುರಾಡಲು ಬಾಯಿ ಬಾರದೆ, ಒಪ್ಪಿಗೆಯೆಂದು ತಾನೂ ಕೈ ಎತ್ತಿಬಿಟ್ಟಳು.

ಕೆಲವೇ ದಿನಗಳಲ್ಲಿ ಆ ಶಾಲೆಯ ಹುಡುಗಿಯೊಬ್ಬಳು ಯೂನಿಫಾರ್ಮ್ ಹಿಡಿದು ಅಂಗಡಿಗೆ ಬಂದಳು.

“ಅಕ್ಕಾ, ಜೇಬಿನ ಮೇಲಿರೋ ಬ್ಯಾಡ್ಜ್ ಬಿಚ್ಚಿಕೊಡಿ. ಬಟ್ಟೆನ ಮನೇಲಿ ಹಾಕ್ಕೋತೀನಿ.”

“ಯಾಕೆ, ಸ್ಕೂಲಿಗೆ ಬೇಡ್ವೇನೇ?”

“ಹೊಸ ಸ್ಕೂಲು ದೂರ ಅಂತ ಅಪ್ಪ ಬಿಡಿಸಿಬಿಟ್ರು.”

ಟೈಲರಕ್ಕ ಅಂದೇ ಅವರ ಮನೆಗೆ ಹೋಗಿ ಅಂಗಲಾಚಿದಳು.

“ಮುಚ್ಚೋಕೆ ನೀವೂ ಕೈ ಎತ್ತಿದ್ರಂತಲ್ಲ, ಅಕ್ಕಾ,” ಎಂದ ಹುಡುಗಿಯ ಅಪ್ಪ, ಕೋಪವೇನೂ ಇಲ್ಲದೆ.

ಅವಳಿಗೆ ತಲೆ ಎತ್ತಲಾಗಲಿಲ್ಲ. ಮುಂದಿನ ಸಭೆಯಲ್ಲಿ ಹಳ್ಳದಾಚೆಯ ಮಕ್ಕಳನ್ನು ಹೊಸ ಶಾಲೆಗೆ ಕರೆದೊಯ್ಯುವ ವ್ಯಾನಿಗಾಗಿ ಜಗಳವಾಡಿದಳು, ವ್ಯಾನೂ ಬಂತು. ಅಷ್ಟರಲ್ಲಿ ಹುಡುಗಿ ಬೇಕರಿ ಕೆಲಸಕ್ಕೆ ಸೇರಿಯಾಗಿತ್ತು.